ಒಂದೇ ರಚನೆಯ ಎರಡು ಕೋಷ್ಟಕಗಳಲ್ಲಿ ವ್ಯತ್ಯಾಸ ಹುಡುಕುವುದು: ಎಸ್‌ಕ್ಯುಎಲ್ ಪಾಠಕ್ಕೊಂದು ವಿಷಯ ವಿವರಣೆ

ಶಾಲೆಯಲ್ಲಿ ಒಂದೇ ಮಗುವಿನ ವಿವರ ಒಂದಕ್ಕಿಂತ ಹೆಚ್ಚು ಕಡೆ ದಾಖಲಾಗಿರುತ್ತದೆ. ದಾಖಲಾತಿ ವಹಿಯಲ್ಲಿ ಒಮ್ಮೆ, ಸ್ಯಾಟ್ಸ್ ತಂತ್ರಾಂಶದಲ್ಲಿ ಇನ್ನೊಮ್ಮೆ, 2022-23ರಿಂದ ಯುಡೈಸ್ ಪ್ಲಸ್‌ನಲ್ಲಿ ವಿದ್ಯಾರ್ಥಿವಾರು ಮತ್ತೊಮ್ಮೆ. ಅಂಕಣಗಳು ಹೆಚ್ಚುಕಡಿಮೆ ಅವೇ: ಸಂಖ್ಯೆ, ಹೆಸರು, ತರಗತಿ, ಜನ್ಮದಿನಾಂಕ. ಆದರೆ ಬರೆದವರು ಬೇರೆ, ಬರೆದ ದಿನ ಬೇರೆ. ಹೀಗಾಗಿ ಎರಡು ಪಟ್ಟಿಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂಬ ಪ್ರಶ್ನೆ ಪ್ರತಿ ವರ್ಷ ಏಳುತ್ತದೆ. ಎಸ್ಸೆಸ್ಸೆಲ್ಸಿ ನೋಂದಣಿಯ ಹೊತ್ತಿಗೆ ಈ ಪ್ರಶ್ನೆಗೆ ಉತ್ತರ ಸಿಕ್ಕಿರಲೇಬೇಕು, ಏಕೆಂದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಚ್ಚಾದ ಹೆಸರು ಮತ್ತು ಜನ್ಮದಿನಾಂಕವನ್ನು ಮಗು ಮುಂದೆ ಕಾಲೇಜು, ಉದ್ಯೋಗ, ಪಾಸ್‌ಪೋರ್ಟ್ ಎಲ್ಲೆಡೆಯೂ ತೋರಿಸಬೇಕಾಗುತ್ತದೆ.

ನಮ್ಮ ತಂಡದ ಪ್ರಶಿಕ್ಷಣಾರ್ಥಿಗಳು ಬೋಧನಾಭ್ಯಾಸಕ್ಕಾಗಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆಯ ಶಾಲೆ–ಕಾಲೇಜುಗಳಿಗೆ ಹಂಚಿಹೋಗಿದ್ದೆವು. ಹೆಚ್ಚಿನ ಕಡೆ ಈ ತಾಳೆ ನೋಡುವ ಕೆಲಸ ಎರಡು ಮುದ್ರಿತ ಹಾಳೆ, ಒಂದು ಅಳತೆಪಟ್ಟಿ, ಒಂದು ಕೆಂಪು ಪೆನ್ನಿನಿಂದ ನಡೆಯುತ್ತದೆ. ದ್ವಿತೀಯ ಪಿಯುಸಿ ಗಣಕ ವಿಜ್ಞಾನದಲ್ಲಿ ಎಸ್‌ಕ್ಯುಎಲ್ ಒಂದು ಅಧ್ಯಾಯ. ಅಲ್ಲಿ ಕಲಿಸುವ ಆದೇಶಗಳಿಂದಲೇ ಈ ಕೆಲಸ ಸಾಧ್ಯ. ಹೇಗೆ ಸಾಧ್ಯ, ಮತ್ತು ಒಂದೇ ಆದೇಶವನ್ನು ನಂಬಿದರೆ ಯಾವ ಸಾಲು ಕಣ್ತಪ್ಪುತ್ತದೆ ಎಂಬುದನ್ನು ಈ ಲೇಖನ ವಿವರಿಸುತ್ತದೆ.

ಪೂರ್ವಜ್ಞಾನ ಮತ್ತು ಸಾಧನ

ಮಕ್ಕಳಿಗೆ ಇರಬೇಕಾದ ಪೂರ್ವಜ್ಞಾನ ಪ್ರಥಮ ಪಿಯುಸಿ ಗಣಿತದ ಮೊದಲ ಅಧ್ಯಾಯವಾದ ‘ಗಣಗಳು’. ಗಣ ಅ ಮತ್ತು ಗಣ ಬ ಇದ್ದಾಗ, ಅ − ಬ ಎಂದರೆ ಅದಲ್ಲಿದ್ದು ಬದಲ್ಲಿಲ್ಲದ ಧಾತುಗಳು. ಅ − ಬ ಮತ್ತು ಬ − ಅ ಒಂದೇ ಅಲ್ಲ ಎಂಬುದೂ ಅವರಿಗೆ ಗೊತ್ತಿರುತ್ತದೆ. ಇಡೀ ಪಾಠ ನಿಂತಿರುವುದು ಇದರ ಮೇಲೆ. ಇ. ಎಫ್. ಕಾಡ್ ಅವರು 1970ರಲ್ಲಿ ಐಬಿಎಂನಲ್ಲಿದ್ದಾಗ ಮಂಡಿಸಿದ ಸಂಬಂಧಾತ್ಮಕ ಮಾದರಿಯೇ ಗಣಸಿದ್ಧಾಂತದಿಂದ ಬಂದದ್ದು. 1974ರಲ್ಲಿ ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಅದಕ್ಕೊಂದು ಪ್ರಶ್ನೆಭಾಷೆ ರೂಪಿಸಿದರು. ಆಗ ಅದರ ಹೆಸರು ಸೀಕ್ವೆಲ್, ಇಂದು ಎಸ್‌ಕ್ಯುಎಲ್.

ಸಾಧನವಾಗಿ ಎಸ್‌ಕ್ಯುಎಲ್‌ಲೈಟ್ ಸಾಕು. ಅದು ಉಚಿತ, ಸರ್ವರ್ ಬೇಡ, ಅಂತರ್ಜಾಲ ಬೇಡ, ಇಡೀ ಡೇಟಾಬೇಸ್ ಒಂದೇ ಕಡತದಲ್ಲಿ ಕೂರುತ್ತದೆ. ಹಳೆಯ ಗಣಕಗಳಿರುವ ಪ್ರಯೋಗಾಲಯದಲ್ಲೂ ನಡೆಯುತ್ತದೆ.

ಒಂದು ಸೂಚನೆ. ಸೆಲೆಕ್ಟ್, ಫ್ರಮ್ ಮೊದಲಾದ ಆದೇಶಪದಗಳನ್ನು ಗಣಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು; ಓದಲು ಅನುಕೂಲವಾಗಲೆಂದು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟಿದೆ. ಕೋಷ್ಟಕ ಮತ್ತು ಅಂಕಣಗಳ ಹೆಸರನ್ನು ಮಾತ್ರ ಕನ್ನಡ ಲಿಪಿಯಲ್ಲೇ ಇಡಬಹುದು, ಎಸ್‌ಕ್ಯುಎಲ್‌ಲೈಟ್ ಅದನ್ನು ಒಪ್ಪುತ್ತದೆ.

ಮೊದಲ ಉದಾಹರಣೆ: 1997ರ ಜಿಲ್ಲಾ ವಿಭಜನೆ

ಮಕ್ಕಳಿಗೆ ಉತ್ತರ ಮೊದಲೇ ಗೊತ್ತಿರುವ ದತ್ತಾಂಶದಿಂದ ಆರಂಭಿಸುವುದು ಒಳ್ಳೆಯದು. ಆಗ ಗಮನ ಆದೇಶದ ಮೇಲೆ ಇರುತ್ತದೆ. ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಅಂಥದ್ದೊಂದಿದೆ.

1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಯಿತು. ಚಿತ್ರದುರ್ಗ ಜಿಲ್ಲೆಯಿಂದ ದಾವಣಗೆರೆ, ಹರಿಹರ ಮತ್ತು ಜಗಳೂರು, ಶಿವಮೊಗ್ಗ ಜಿಲ್ಲೆಯಿಂದ ಚನ್ನಗಿರಿ ಮತ್ತು ಹೊನ್ನಾಳಿ, ಬಳ್ಳಾರಿ ಜಿಲ್ಲೆಯಿಂದ ಹರಪನಹಳ್ಳಿ ಹೊಸ ಜಿಲ್ಲೆಗೆ ಸೇರಿದವು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ, ಮೊಳಕಾಲ್ಮೂರು ಚಿತ್ರದುರ್ಗದಲ್ಲೇ ಉಳಿದವು. ಒಟ್ಟು 12 ತಾಲ್ಲೂಕುಗಳು.

ಈಗ ‘ಮೊದಲು’ ಮತ್ತು ‘ನಂತರ’ ಎಂಬ ಎರಡು ಕೋಷ್ಟಕ ಮಾಡಿಸಿ. ಎರಡರಲ್ಲೂ ಎರಡೇ ಅಂಕಣ: ತಾಲ್ಲೂಕು, ಜಿಲ್ಲೆ. ಮೊದಲನೆಯದರಲ್ಲಿ 1996ರ ಸ್ಥಿತಿ, ಎರಡನೆಯದರಲ್ಲಿ 1998ರ ಸ್ಥಿತಿ. ‘ಎರಡೂ ಒಂದೇ ಆಗಿವೆಯೇ, ಹೇಗೆ ತಿಳಿಯುತ್ತೀರಿ?’ ಎಂದು ಕೇಳಿದರೆ ತರಗತಿಯಿಂದ ಮೊದಲು ಬರುವ ಉತ್ತರ ‘ಸಾಲು ಎಣಿಸೋಣ’ ಎಂಬುದು. ಎಣಿಸಲು ಬಿಡಿ:

ಸೆಲೆಕ್ಟ್ ಕೌಂಟ್(*) ಫ್ರಮ್ ಮೊದಲು;
ಸೆಲೆಕ್ಟ್ ಕೌಂಟ್(*) ಫ್ರಮ್ ನಂತರ;

ಎರಡಕ್ಕೂ ಉತ್ತರ 12. ಆದರೆ 6 ಸಾಲುಗಳಲ್ಲಿ ಜಿಲ್ಲೆ ಬದಲಾಗಿದೆ ಎಂದು ಮಕ್ಕಳಿಗೆ ಗೊತ್ತಿದೆ. ಎಣಿಕೆ ಬೇರೆಯಾದರೆ ಕೋಷ್ಟಕಗಳು ಬೇರೆ ಎಂದು ಖಚಿತವಾಗಿ ಹೇಳಬಹುದು. ಎಣಿಕೆ ಒಂದೇ ಆದರೆ ಏನನ್ನೂ ಹೇಳುವಂತಿಲ್ಲ. ಶಾಲೆಯಲ್ಲಿ ‘ವಹಿಯಲ್ಲೂ 48, ಆನ್‌ಲೈನಿನಲ್ಲೂ 48, ಸರಿಯಿದೆ’ ಎಂದು ಕಡತ ಮುಚ್ಚುವುದು ಎಷ್ಟು ಅಪಾಯಕಾರಿ ಎಂಬುದನ್ನು ಇಲ್ಲಿಯೇ ಹೇಳಿಬಿಡಬಹುದು.

ಎಕ್ಸೆಪ್ಟ್: ಗಣ ವ್ಯತ್ಯಾಸದ ಆದೇಶ

ಅ − ಬ ಎಂಬುದಕ್ಕೆ ಎಸ್‌ಕ್ಯುಎಲ್‌ನಲ್ಲಿರುವ ಪದ ಎಕ್ಸೆಪ್ಟ್:

ಸೆಲೆಕ್ಟ್ ತಾಲ್ಲೂಕು, ಜಿಲ್ಲೆ ಫ್ರಮ್ ಮೊದಲು
ಎಕ್ಸೆಪ್ಟ್
ಸೆಲೆಕ್ಟ್ ತಾಲ್ಲೂಕು, ಜಿಲ್ಲೆ ಫ್ರಮ್ ನಂತರ;

ಉತ್ತರವಾಗಿ 6 ಸಾಲು ಬರುತ್ತವೆ: ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದ ಹೆಸರಿನೊಂದಿಗೆ, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದೊಂದಿಗೆ, ಹರಪನಹಳ್ಳಿ ಬಳ್ಳಾರಿಯೊಂದಿಗೆ. ಕೋಷ್ಟಕಗಳ ಸ್ಥಾನ ಅದಲುಬದಲು ಮಾಡಿದರೆ ಅದೇ 6 ತಾಲ್ಲೂಕುಗಳು ದಾವಣಗೆರೆ ಜಿಲ್ಲೆಯೊಂದಿಗೆ ಬರುತ್ತವೆ. ನಮ್ಮ ನಾಲ್ಕು ತಾಲ್ಲೂಕುಗಳು, ಚಳ್ಳಕೆರೆ ಮತ್ತು ಮೊಳಕಾಲ್ಮೂರು ಎರಡೂ ಉತ್ತರಗಳಲ್ಲಿ ಇಲ್ಲ, ಏಕೆಂದರೆ ಅವುಗಳ ಸಾಲು ಬದಲಾಗಿಲ್ಲ.

ಪಠ್ಯಪುಸ್ತಕಕ್ಕೂ ಪ್ರಯೋಗಾಲಯದ ತಂತ್ರಾಂಶಕ್ಕೂ ಇಲ್ಲಿ ಸಣ್ಣ ಅಂತರ ಕಾಣಬಹುದು. ಎಕ್ಸೆಪ್ಟ್ 1992ರ ಎಸ್‌ಕ್ಯುಎಲ್ ಮಾನಕದಲ್ಲಿದೆ. ಒರಾಕಲ್‌ನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಪದ ಮೈನಸ್. ಮೈಎಸ್‌ಕ್ಯುಎಲ್‌ಗೆ ಎಕ್ಸೆಪ್ಟ್ ಬಂದದ್ದು 2022ರ 8.0.31ನೇ ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯ ಆವೃತ್ತಿಯಿದ್ದರೆ ಈ ಆದೇಶ ದೋಷ ತೋರಿಸುತ್ತದೆ. ಆಗ ಮುಂದೆ ಹೇಳುವ ಜಾಯಿನ್ ವಿಧಾನ ಬಳಸಬೇಕು.

ಇನ್ನೆರಡು ಎಚ್ಚರಿಕೆಗಳು. ಮೊದಲನೆಯದು, ಎಕ್ಸೆಪ್ಟ್ ಅಂಕಣಗಳನ್ನು ಹೆಸರಿನಿಂದ ಜೋಡಿಸುವುದಿಲ್ಲ, ಸ್ಥಾನದಿಂದ ಜೋಡಿಸುತ್ತದೆ. ಒಂದು ಕೋಷ್ಟಕದಲ್ಲಿ ತಂದೆಯ ಹೆಸರು ಮೊದಲು, ಇನ್ನೊಂದರಲ್ಲಿ ತಾಯಿಯ ಹೆಸರು ಮೊದಲು ಇದ್ದರೆ ಪ್ರತಿಯೊಂದು ಸಾಲೂ ಬೇರೆ ಎಂದು ತೋರುತ್ತದೆ. ಆದ್ದರಿಂದ ಸೆಲೆಕ್ಟ್ ನಂತರ ನಕ್ಷತ್ರ ಚಿಹ್ನೆ ಹಾಕದೆ ಅಂಕಣಗಳ ಹೆಸರನ್ನೇ ಬರೆಯುವ ಅಭ್ಯಾಸ ಮಾಡಿಸಬೇಕು.

ಎರಡನೆಯದು, ಎರಡೂ ದಿಕ್ಕಿನ ಉತ್ತರ ಒಟ್ಟಿಗೆ ಬೇಕೆಂದು ಮಕ್ಕಳು ಹೀಗೆ ಬರೆಯುವುದುಂಟು: ಮೊದಲು ಎಕ್ಸೆಪ್ಟ್ ನಂತರ ಯೂನಿಯನ್ ಆಲ್ ನಂತರ ಎಕ್ಸೆಪ್ಟ್ ಮೊದಲು. ನೋಡಲು ಸರಿಯಾಗಿಯೇ ಇದೆ. ಆದರೆ ಗಣಕ ಇದನ್ನು ಎಡದಿಂದ ಬಲಕ್ಕೆ ಮಾಡುತ್ತದೆ. ಅ − ಬ ಸಿಕ್ಕಿತು; ಅದಕ್ಕೆ ಬ ಸೇರಿತು; ಕೊನೆಗೆ ಆ ಎಲ್ಲದರಿಂದ ಅ ಕಳೆಯಿತು. ಉಳಿದದ್ದು ಬ − ಅ ಮಾತ್ರ. ಅರ್ಧ ಉತ್ತರ ಸದ್ದಿಲ್ಲದೆ ಮಾಯವಾಗಿದೆ, ದೋಷದ ಸಂದೇಶವೂ ಇಲ್ಲ. ಪ್ರತಿಯೊಂದು ವ್ಯತ್ಯಾಸವನ್ನೂ ಆವರಣದೊಳಗಿನ ಉಪಪ್ರಶ್ನೆಯಾಗಿ ಬರೆದು ಆಮೇಲೆ ಕೂಡಿಸಬೇಕು. ಇದನ್ನು ಕಪ್ಪುಹಲಗೆಯ ಮೇಲೆ ವೆನ್ ಚಿತ್ರದಿಂದ ತೋರಿಸಿದರೆ ಐದು ನಿಮಿಷದಲ್ಲಿ ಅರ್ಥವಾಗುತ್ತದೆ.

ಎರಡನೆಯ ಉದಾಹರಣೆ: ದಾಖಲಾತಿ ಮತ್ತು ಪಟ್ಟಿ

ತಾಲ್ಲೂಕುಗಳ ದತ್ತಾಂಶ ಅಚ್ಚುಕಟ್ಟಾಗಿತ್ತು. ಶಾಲೆಯ ದತ್ತಾಂಶ ಹಾಗಿರುವುದಿಲ್ಲ. ಅದನ್ನು ತೋರಿಸಲು ಪಾಠಕ್ಕೆಂದೇ ಕಲ್ಪಿಸಿದ ಎರಡು ಚಿಕ್ಕ ಕೋಷ್ಟಕಗಳು ಕೆಳಗಿವೆ. ಅಂಕಣಗಳು ನಾಲ್ಕು: ಸಂಖ್ಯೆ, ಊರು, ತರಗತಿ, ಜನ್ಮದಿನ.

ಕೋಷ್ಟಕ ‘ದಾಖಲಾತಿ’
101 | ಐಮಂಗಲ | 9 | 2010-07-12
102 | ಧರ್ಮಪುರ | 9 | 2010-11-03
103 | ಶ್ರೀರಾಂಪುರ | 9 | 2011-01-20
104 | ರಾಮಗಿರಿ | 9 | 2010-09-05
105 | ಭರಮಸಾಗರ | 9 | 2010-12-28

ಕೋಷ್ಟಕ ‘ಪಟ್ಟಿ’
101 | ಐಮಂಗಲ | 9 | 2010-07-12
102 | ಧರ್ಮಪುರ | 9 | 2010-03-11
103 | ಶ್ರೀರಾಂಪುರ | 9 | (ಖಾಲಿ)
104 | ರಾಮಗಿರಿ | 9 | 2010-09-05
104 | ರಾಮಗಿರಿ | 9 | 2010-09-05
106 | ಭರಮಸಾಗರ | 9 | 2010-12-28

ಕಣ್ಣಿನಿಂದಲೇ ನೋಡಿದರೆ ನಾಲ್ಕು ತೊಂದರೆ ಕಾಣುತ್ತವೆ. 102ರಲ್ಲಿ ದಿನ ಮತ್ತು ತಿಂಗಳು ಅದಲುಬದಲಾಗಿವೆ. 103ರ ಜನ್ಮದಿನ ಖಾಲಿ. 104 ಎರಡು ಸಲ ಬಂದಿದೆ. 105 ಪಟ್ಟಿಯಲ್ಲಿಲ್ಲ, 106 ದಾಖಲಾತಿಯಲ್ಲಿಲ್ಲ. ಐದು ಸಾಲಿದ್ದಾಗ ಕಣ್ಣು ಸಾಕು. ಐನೂರು ಸಾಲಿದ್ದಾಗ ಸಾಲದು. ಯಾವ ಆದೇಶ ಇವುಗಳಲ್ಲಿ ಯಾವುದನ್ನು ಹಿಡಿಯುತ್ತದೆ ಎಂದು ಒಂದೊಂದಾಗಿ ಪರೀಕ್ಷಿಸೋಣ.

ಎಕ್ಸೆಪ್ಟ್ ಬಳಸಿ ದಾಖಲಾತಿಯಿಂದ ಪಟ್ಟಿಯನ್ನು ಕಳೆದರೆ 102, 103, 105 ಬರುತ್ತವೆ. ತಿರುಗಿಸಿ ಕಳೆದರೆ ಪಟ್ಟಿಯ 102, 103 ಮತ್ತು 106 ಬರುತ್ತವೆ. 104 ಮಾತ್ರ ಎಲ್ಲಿಯೂ ಇಲ್ಲ. ಗಣದಲ್ಲಿ ಒಂದು ಧಾತು ಎರಡು ಸಲ ಇರುವುದಿಲ್ಲವಲ್ಲ. ಎಕ್ಸೆಪ್ಟ್ ಕೂಡ ಪುನರಾವರ್ತನೆಯನ್ನು ಅಳಿಸಿಯೇ ಹೋಲಿಸುತ್ತದೆ.

ಕೀಲಿಯ ಮೇಲೆ ಜೋಡಿಸುವುದು

ಎಕ್ಸೆಪ್ಟ್ ‘ಈ ಸಾಲು ಅಲ್ಲಿಲ್ಲ’ ಎನ್ನುತ್ತದೆ. ಯಾವ ಅಂಕಣದಲ್ಲಿ ಏನು ಬದಲಾಗಿದೆ ಎಂದು ಹೇಳುವುದಿಲ್ಲ. ಅದಕ್ಕೆ ಎರಡೂ ಸಾಲುಗಳನ್ನು ಅಕ್ಕಪಕ್ಕ ಇಡಬೇಕು. ಅಕ್ಕಪಕ್ಕ ಇಡಲು ಎರಡೂ ಕಡೆ ಬದಲಾಗದ ಒಂದು ಗುರುತು ಬೇಕು. ಅದೇ ಪ್ರಧಾನ ಕೀಲಿ. ಇಲ್ಲಿ ಅದು ಸಂಖ್ಯೆ.

ಸೆಲೆಕ್ಟ್ ದ.ಸಂಖ್ಯೆ, ದ.ಜನ್ಮದಿನ, ಪ.ಜನ್ಮದಿನ
ಫ್ರಮ್ ದಾಖಲಾತಿ ದ ಜಾಯಿನ್ ಪಟ್ಟಿ ಪ ಆನ್ ದ.ಸಂಖ್ಯೆ = ಪ.ಸಂಖ್ಯೆ
ವೇರ್ ದ.ಜನ್ಮದಿನ <> ಪ.ಜನ್ಮದಿನ;

ಬರುವ ಉತ್ತರ ಒಂದೇ ಸಾಲು: 102, ಎರಡೂ ದಿನಾಂಕಗಳೊಂದಿಗೆ. ಇದರಿಂದ ಒಂದು ಲಾಭವಿದೆ. 2010-11-03 ಮತ್ತು 2010-03-11 ಅಕ್ಕಪಕ್ಕ ಕಂಡ ಕೂಡಲೇ ದಿನ–ತಿಂಗಳು ಅದಲುಬದಲಾಗಿದೆ ಎಂದು ಹೊಳೆಯುತ್ತದೆ. ಆದರೆ 105, 106 ಕಾಣಲಿಲ್ಲ, ಏಕೆಂದರೆ ಅವಕ್ಕೆ ಜೋಡಿ ಸಿಗಲಿಲ್ಲ. 103 ಕೂಡ ಕಾಣಲಿಲ್ಲ. ಅದಕ್ಕೆ ಜೋಡಿ ಇತ್ತು, ವ್ಯತ್ಯಾಸವೂ ಇತ್ತು. ಹಾಗಿದ್ದೂ ಏಕೆ ಕಾಣಲಿಲ್ಲ?

ಖಾಲಿ ಜಾಗದ ತರ್ಕ

ಡೇಟಾಬೇಸಿನಲ್ಲಿ ಖಾಲಿಗೆ ನಲ್ ಎನ್ನುತ್ತಾರೆ. ನಲ್ ಎಂದರೆ ಸೊನ್ನೆಯಲ್ಲ, ಖಾಲಿ ಪದವೂ ಅಲ್ಲ. ‘ಬೆಲೆ ಗೊತ್ತಿಲ್ಲ’ ಎಂದರ್ಥ. ಗೊತ್ತಿರುವ ದಿನಾಂಕವೂ ಗೊತ್ತಿಲ್ಲದ ದಿನಾಂಕವೂ ಬೇರೆಯೇ ಎಂದು ಕೇಳಿದರೆ ಎಸ್‌ಕ್ಯುಎಲ್ ಹೌದು ಎನ್ನುವುದಿಲ್ಲ, ಇಲ್ಲ ಎನ್ನುವುದೂ ಇಲ್ಲ, ‘ಗೊತ್ತಿಲ್ಲ’ ಎನ್ನುತ್ತದೆ. ವೇರ್ ಷರತ್ತು ‘ಹೌದು’ ಎಂದ ಸಾಲುಗಳನ್ನು ಮಾತ್ರ ಒಳಗೆ ಬಿಡುತ್ತದೆ. ಆದ್ದರಿಂದ 103 ಹೊರಗುಳಿಯಿತು.

ಇದರ ಪರಿಣಾಮವನ್ನು ತರಗತಿಯಲ್ಲಿ ನಿಧಾನವಾಗಿ ವಿವರಿಸಬೇಕು. ತಪ್ಪು ಜನ್ಮದಿನ ಇರುವ ಮಗು ವ್ಯತ್ಯಾಸದ ವರದಿಯಲ್ಲಿ ಬಂತು. ಜನ್ಮದಿನವೇ ಇಲ್ಲದ ಮಗು ವರದಿಯಲ್ಲಿ ಬರಲಿಲ್ಲ. ವಲಸೆ ಹೋದ ಕುಟುಂಬದ ಮಗು, ವರ್ಷದ ಮಧ್ಯೆ ಸೇರಿದ ಮಗು, ಪ್ರಮಾಣಪತ್ರ ಇನ್ನೂ ತರದ ಮಗು—ಇಂಥವರ ಸಾಲಿನಲ್ಲೇ ಖಾಲಿ ಜಾಗ ಹೆಚ್ಚು. ಹೆಚ್ಚು ಗಮನ ಬೇಕಾದ ಮಗುವನ್ನೇ ಈ ಆದೇಶ ‘ಸರಿಯಿದೆ’ ಎಂಬಂತೆ ದಾಟಿಹೋಗುತ್ತದೆ.

ಪರಿಹಾರ ಸುಲಭ. ಎಸ್‌ಕ್ಯುಎಲ್‌ಲೈಟ್‌ನಲ್ಲಿ <> ಬದಲು ಈಸ್ ನಾಟ್ ಬರೆಯಬೇಕು:

ವೇರ್ ದ.ಜನ್ಮದಿನ ಈಸ್ ನಾಟ್ ಪ.ಜನ್ಮದಿನ;

ಆಗ 102 ಮತ್ತು 103 ಎರಡೂ ಬರುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ ಇದೇ ಕೆಲಸಕ್ಕೆ ಈಸ್ ಡಿಸ್ಟಿಂಕ್ಟ್ ಫ್ರಮ್ ಎಂಬ ಪದಪುಂಜವಿದೆ. ಮೈಎಸ್‌ಕ್ಯುಎಲ್‌ನಲ್ಲಿ <=> ಎಂಬ ಚಿಹ್ನೆಯ ಮುಂದೆ ನಾಟ್ ಹಾಕಬೇಕು. ಎಕ್ಸೆಪ್ಟ್‌ಗೆ ಈ ತೊಂದರೆ ಇಲ್ಲ ಎಂಬುದನ್ನೂ ಗಮನಿಸಿ: ಅದು ಎರಡು ನಲ್‌ಗಳನ್ನು ಒಂದೇ ಎಂದು, ನಲ್ ಮತ್ತು ಬೆಲೆಯನ್ನು ಬೇರೆ ಎಂದು ಪರಿಗಣಿಸುತ್ತದೆ. ಹಾಗಾಗಿಯೇ 103 ಅಲ್ಲಿ ಸಿಕ್ಕಿತ್ತು.

ಜೋಡಿಯಿಲ್ಲದ ಸಾಲು, ಎರಡು ಸಲ ಬಂದ ಸಾಲು

ಜೋಡಿಯಿಲ್ಲದ ಸಾಲಿಗೆ ಲೆಫ್ಟ್ ಜಾಯಿನ್ ಬಳಸಬೇಕು. ಅದು ಎಡಗಡೆಯ ಎಲ್ಲ ಸಾಲುಗಳನ್ನೂ ಉಳಿಸಿಕೊಂಡು, ಬಲಗಡೆ ಜೋಡಿ ಸಿಗದಿದ್ದಲ್ಲಿ ನಲ್ ತುಂಬುತ್ತದೆ:

ಸೆಲೆಕ್ಟ್ ದ.ಸಂಖ್ಯೆ, ದ.ಊರು
ಫ್ರಮ್ ದಾಖಲಾತಿ ದ ಲೆಫ್ಟ್ ಜಾಯಿನ್ ಪಟ್ಟಿ ಪ ಆನ್ ದ.ಸಂಖ್ಯೆ = ಪ.ಸಂಖ್ಯೆ
ವೇರ್ ಪ.ಸಂಖ್ಯೆ ಈಸ್ ನಲ್;

ಉತ್ತರ 105. ಕೋಷ್ಟಕಗಳನ್ನು ಅದಲುಬದಲು ಮಾಡಿದರೆ 106. ಇಲ್ಲಿಯೂ ಎರಡು ದಿಕ್ಕು ಬೇಕೇಬೇಕು.

ಎರಡು ಸಲ ಬಂದ 104ಕ್ಕೆ ಬೇರೆ ಉಪಾಯ. ಎರಡೂ ಕೋಷ್ಟಕಗಳನ್ನು ಒಂದರ ಕೆಳಗೊಂದು ಇಟ್ಟು, ಯಾವುದು ಎಲ್ಲಿಂದ ಬಂತು ಎಂದು ಗುರುತು ಹಾಕಿ, ಒಂದೇ ಬಗೆಯ ಸಾಲುಗಳನ್ನು ಗುಂಪು ಮಾಡಿ ಎಣಿಸಬೇಕು:

ಸೆಲೆಕ್ಟ್ ಸಂಖ್ಯೆ, ಊರು, ತರಗತಿ, ಜನ್ಮದಿನ, ಸಮ್(ಎಡ), ಸಮ್(ಬಲ)
ಫ್ರಮ್ (
ಸೆಲೆಕ್ಟ್ ಸಂಖ್ಯೆ, ಊರು, ತರಗತಿ, ಜನ್ಮದಿನ, 1 ಆ್ಯಸ್ ಎಡ, 0 ಆ್ಯಸ್ ಬಲ ಫ್ರಮ್ ದಾಖಲಾತಿ
ಯೂನಿಯನ್ ಆಲ್
ಸೆಲೆಕ್ಟ್ ಸಂಖ್ಯೆ, ಊರು, ತರಗತಿ, ಜನ್ಮದಿನ, 0, 1 ಫ್ರಮ್ ಪಟ್ಟಿ
)
ಗ್ರೂಪ್ ಬೈ ಸಂಖ್ಯೆ, ಊರು, ತರಗತಿ, ಜನ್ಮದಿನ
ಹ್ಯಾವಿಂಗ್ ಸಮ್(ಎಡ) <> ಸಮ್(ಬಲ);

ಉತ್ತರದಲ್ಲಿ 7 ಸಾಲು ಬರುತ್ತವೆ: 102 ಎರಡು ಬಗೆಯಲ್ಲಿ, 103 ಎರಡು ಬಗೆಯಲ್ಲಿ, 105, 106, ಜೊತೆಗೆ 104. 104ರ ಎದುರು ಎಡ 1, ಬಲ 2 ಎಂದಿರುತ್ತದೆ. ಆದೇಶ ಉದ್ದವಾದರೂ ನಾಲ್ಕೂ ತೊಂದರೆಗಳನ್ನು ಒಂದೇ ಸಲಕ್ಕೆ ಹಿಡಿಯುವುದು ಇದೊಂದೇ. ಗ್ರೂಪ್ ಬೈ ನಲ್‌ಗಳನ್ನು ಒಂದೇ ಗುಂಪಿಗೆ ಹಾಕುವುದರಿಂದ ಖಾಲಿ ಜಾಗವೂ ತಪ್ಪಿಸಿಕೊಳ್ಳುವುದಿಲ್ಲ. ಯೂನಿಯನ್ ಎಂದಷ್ಟೇ ಬರೆಯದೆ ಯೂನಿಯನ್ ಆಲ್ ಎಂದೇ ಬರೆಯಬೇಕು. ಇಲ್ಲವಾದರೆ ಎರಡು 104ಗಳು ಸೇರಿ ಒಂದಾಗುತ್ತವೆ.

ಕನ್ನಡ ಅಕ್ಷರಗಳ ವಿಶೇಷ ತೊಡಕು

ಇಂಗ್ಲಿಷ್ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣದ ಒಂದು ಅಂಶ ನಮ್ಮ ಮಕ್ಕಳಿಗೆ ತಿಳಿಯಬೇಕು. ಪರದೆಯ ಮೇಲೆ ಒಂದೇ ಥರ ಕಾಣುವ ಎರಡು ಕನ್ನಡ ಪದಗಳು ಗಣಕಕ್ಕೆ ಬೇರೆ ಬೇರೆ ಆಗಿರಬಹುದು. ಎಸ್‌ಕ್ಯುಎಲ್‌ಲೈಟ್ ಪದಗಳನ್ನು ಬೈಟ್ ಬೈಟಾಗಿ ಹೋಲಿಸುತ್ತದೆ.

ನಮ್ಮ ನಾಲ್ಕು ತಾಲ್ಲೂಕುಗಳ ಹೆಸರನ್ನೇ ತೆಗೆದುಕೊಳ್ಳಿ. ಹೊಸದುರ್ಗ ಮತ್ತು ಹೊಳಲ್ಕೆರೆ ಎರಡೂ ‘ಹೊ’ ಅಕ್ಷರದಿಂದ ಆರಂಭವಾಗುತ್ತವೆ. ಯುನಿಕೋಡ್‌ನಲ್ಲಿ ‘ಹೊ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು, ಎ-ಕಾರದ ಚಿಹ್ನೆ ಮತ್ತು ಊ-ಕಾರದ ಚಿಹ್ನೆ ಎಂದು ಎರಡು ಸಂಕೇತಗಳಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಮೊದಲ ಬಗೆಯಲ್ಲಿ ‘ಹೊಸದುರ್ಗ’ಕ್ಕೆ 8 ಸಂಕೇತ, ಎರಡನೆಯದರಲ್ಲಿ 9. ಹೊಳಲ್ಕೆರೆಯಲ್ಲಿ ‘ಲ್ಕೆ’ಯನ್ನು ಒತ್ತಕ್ಷರವಾಗಿ ಬರೆಯುವವರೂ ಇದ್ದಾರೆ, ‘ಲ್‌ಕೆ’ ಎಂದು ಬಿಡಿಸಿ ಬರೆಯುವವರೂ ಇದ್ದಾರೆ. ಬಿಡಿಸಿ ಬರೆದಾಗ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತದೆ. ಚಿತ್ರದುರ್ಗ, ಹೊಸದುರ್ಗಗಳ ‘ರ್ಗ’ದಲ್ಲೂ ಅರ್ಕಾವತ್ತು ಹಾಕದೆ ‘ರ’ಕ್ಕೆ ಒತ್ತು ಕೊಟ್ಟು ಬರೆಯುವ ಇನ್ನೊಂದು ಬಗೆ ಇದೆ. ನಾಲ್ಕರಲ್ಲಿ ಇಂಥ ತೊಡಕಿಲ್ಲದ ಹೆಸರು ಹಿರಿಯೂರು ಮಾತ್ರ. ಅದರ ಕೊನೆಯಲ್ಲೂ ಯಾರಾದರೂ ಒಂದು ಖಾಲಿ ಸ್ಥಳ ಒತ್ತಿದ್ದರೆ ಅದೂ ಬೇರೆಯಾಗುತ್ತದೆ.

ಅನುಮಾನ ಬಂದಾಗ ಲೆಂಗ್ತ್ ಎಂಬ ಫಂಕ್ಷನ್‌ನಿಂದ ಸಂಕೇತಗಳನ್ನು ಎಣಿಸಿ ನೋಡಬಹುದು. ಒಂದೇ ಪದಕ್ಕೆ ಎರಡು ಉದ್ದ ಬಂದರೆ ಕಾರಣ ಸಿಕ್ಕಿತು. ತುದಿಯ ಖಾಲಿ ಸ್ಥಳ ತೆಗೆಯಲು ಟ್ರಿಮ್ ಇದೆ. ಯುನಿಕೋಡ್‌ಗಿಂತ ಹಿಂದಿನ ಫಾಂಟ್ ಸಂಕೇತದಲ್ಲಿ ಟೈಪ್ ಮಾಡಿದ ಹಳೆಯ ಕಡತಗಳಿದ್ದರೆ ಮೊದಲು ಅವನ್ನು ಯುನಿಕೋಡ್‌ಗೆ ಪರಿವರ್ತಿಸಿಯೇ ಹೋಲಿಕೆಗೆ ಇಳಿಯಬೇಕು. ಸಂಖ್ಯೆಗಳಲ್ಲೂ ಇದೇ ಬಗೆಯ ತೊಂದರೆ: ಪಠ್ಯವಾಗಿ ಸಂಗ್ರಹಿಸಿದ 0147 ಮತ್ತು ಸಂಖ್ಯೆಯಾಗಿ ಸಂಗ್ರಹಿಸಿದ 147 ಒಂದೇ ಅಲ್ಲ.

ಇಂಗ್ಲಿಷ್ ಲಿಪಿಯಲ್ಲಿ ಬರೆದರೂ ತಾಪತ್ರಯ ತಪ್ಪದು. ನಮ್ಮ ಕಡೆ ಮನೆಮನೆಯಲ್ಲೂ ಇರುವ ತಿಪ್ಪೇಸ್ವಾಮಿ ಎಂಬ ಹೆಸರನ್ನು ‘ಟಿ’ ಆದ ಮೇಲೆ ‘ಎಚ್’ ಇಟ್ಟು ಬರೆಯುವವರುಂಟು, ಬಿಟ್ಟು ಬರೆಯುವವರುಂಟು. ಇನಿಷಿಯಲ್ ಹೆಸರಿನ ಮುಂದೆಯೋ ಹಿಂದೆಯೋ ಎಂಬುದೂ ಮನೆಗೊಂದು ರೀತಿ.

ಇದರಿಂದ ಕಲಿಯಬೇಕಾದದ್ದು, ಹೆಸರನ್ನು ಕೀಲಿಯಾಗಿ ಬಳಸಬಾರದು. ಒಂದೇ ಹೆಸರು ಎರಡಾಗಿ ಕಾಣುವುದು ಒಂದು ತೊಂದರೆ. ಎರಡು ಬೇರೆ ವಸ್ತುಗಳಿಗೆ ಒಂದೇ ಹೆಸರಿರುವುದು ಇನ್ನೊಂದು. ಹೊಸದುರ್ಗ ಎಂಬ ತಾಲ್ಲೂಕು ಚಿತ್ರದುರ್ಗ ಜಿಲ್ಲೆಯಲ್ಲೂ ಇದೆ, ಗಡಿಯಾಚೆ ಕೇರಳದ ಕಾಸರಗೋಡು ಜಿಲ್ಲೆಯಲ್ಲೂ ಇದೆ. ಹೆಸರಿನ ಮೇಲೆ ಜೋಡಿಸಿದರೆ ಇವೆರಡೂ ಒಂದೇ ಸಾಲಾಗಿ ಕೂಡಿಕೊಳ್ಳುತ್ತವೆ. ಆದ್ದರಿಂದಲೇ ಆಡಳಿತದಲ್ಲಿ ಊರಿಗೊಂದು ಸಂಕೇತ ಸಂಖ್ಯೆ, ಶಾಲೆಗೊಂದು ಯುಡೈಸ್ ಸಂಖ್ಯೆ, ಮಗುವಿಗೊಂದು ಸ್ಯಾಟ್ಸ್ ಸಂಖ್ಯೆ ಇರುತ್ತವೆ.

ವ್ಯತ್ಯಾಸ ಸಿಕ್ಕ ಮೇಲೆ

ಎಸ್‌ಕ್ಯುಎಲ್‌ನ ಕೆಲಸ ವ್ಯತ್ಯಾಸ ತೋರಿಸುವವರೆಗೆ. ಯಾವುದು ಸರಿ ಎಂದು ಅದಕ್ಕೆ ಗೊತ್ತಿಲ್ಲ. 105 ಮತ್ತು 106ನ್ನು ಮತ್ತೆ ನೋಡಿ: ಊರು ಒಂದೇ, ಜನ್ಮದಿನ ಒಂದೇ. ಒಂದೇ ಮಗುವಿನ ಸಂಖ್ಯೆ ಒಂದು ಕಡೆ ತಪ್ಪಾಗಿ ಬಿದ್ದಿರಬಹುದು. ಭರಮಸಾಗರದ ಅವಳಿ ಮಕ್ಕಳಲ್ಲಿ ಒಬ್ಬರು ಒಂದು ಕಡೆ, ಇನ್ನೊಬ್ಬರು ಇನ್ನೊಂದು ಕಡೆ ಬಿಟ್ಟುಹೋಗಿರಲೂಬಹುದು. ಎರಡು ಸಾಧ್ಯತೆಗಳಲ್ಲಿ ಮಾಡಬೇಕಾದ ಕೆಲಸ ಪೂರ್ತಿ ಬೇರೆ. ಮೊದಲನೆಯದರಲ್ಲಿ ಸಂಖ್ಯೆ ತಿದ್ದಬೇಕು. ಎರಡನೆಯದರಲ್ಲಿ ಎರಡೂ ಕಡೆ ಒಂದೊಂದು ಮಗುವನ್ನು ಸೇರಿಸಬೇಕು. ಮೂಲ ದಾಖಲೆ ನೋಡದೆ, ಪೋಷಕರನ್ನು ಕೇಳದೆ ಇದನ್ನು ತೀರ್ಮಾನಿಸಲಾಗದು.

ಹೀಗಾಗಿ ವ್ಯತ್ಯಾಸದ ಪಟ್ಟಿ ಕೈಗೆ ಬಂದ ಕೂಡಲೇ ಅಪ್‌ಡೇಟ್ ಆದೇಶ ಕೊಡುವುದನ್ನು ಕಲಿಸಬಾರದು. ಪಟ್ಟಿಗೆ ಮೂರು ಅಂಕಣ ಸೇರಿಸಲು ಹೇಳಿ: ಯಾವ ದಾಖಲೆ ನೋಡಲಾಯಿತು, ಯಾರು ನೋಡಿದರು, ಏನು ತೀರ್ಮಾನವಾಯಿತು. ಮೂರೂ ತುಂಬಿದ ಮೇಲೆಯೇ ತಿದ್ದುಪಡಿ. ತಿದ್ದಿದ ನಂತರ ಅದೇ ಆದೇಶಗಳನ್ನು ಮತ್ತೊಮ್ಮೆ ನಡೆಸಿ ಉತ್ತರ ಖಾಲಿ ಬರುತ್ತದೆಯೇ ಎಂದು ನೋಡಬೇಕು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಒಂದು ಮನವಿ: ಅಭ್ಯಾಸ ಪಾಠಕ್ಕೆ ಶಾಲೆಯ ನಿಜವಾದ ವಿದ್ಯಾರ್ಥಿ ಪಟ್ಟಿಯನ್ನು ಪ್ರಯೋಗಾಲಯಕ್ಕೆ ತರಬೇಡಿ. ಮಕ್ಕಳ ಜನ್ಮದಿನ, ಜಾತಿ, ಪೋಷಕರ ವಿವರ ಸಹಪಾಠಿಗಳ ಪರದೆಯ ಮೇಲೆ ಬರುವುದು ಸರಿಯಲ್ಲ. ಮೇಲಿನಂತೆ ಕಲ್ಪಿತ ದತ್ತಾಂಶವೇ ಸಾಕು. ಬೇಕೆಂದಾಗ ಬೇಕಾದ ತೊಂದರೆಯನ್ನು ಅದರಲ್ಲಿ ಇಟ್ಟು ಕಲಿಸುವ ಅನುಕೂಲವೂ ಇದೆ.

ಪಾಠದ ಹಂಚಿಕೆ ಮತ್ತು ಮೌಲ್ಯಮಾಪನ

ಈ ವಿಷಯಕ್ಕೆ ಎರಡು ಅವಧಿ ಬೇಕು. ಮೊದಲ ಅವಧಿಯಲ್ಲಿ ತಾಲ್ಲೂಕು ಕೋಷ್ಟಕಗಳು, ಎಣಿಕೆ, ಎರಡು ದಿಕ್ಕಿನ ಎಕ್ಸೆಪ್ಟ್, ವೆನ್ ಚಿತ್ರ. ಎರಡನೆಯ ಅವಧಿ ಪ್ರಯೋಗಾಲಯದಲ್ಲಿ: ದಾಖಲಾತಿ ಮತ್ತು ಪಟ್ಟಿ ಕೋಷ್ಟಕಗಳನ್ನು ಕೊಟ್ಟು, ಆದೇಶ ನಡೆಸುವ ಮೊದಲು ‘ಈ ಆದೇಶ ಯಾವ ಸಂಖ್ಯೆಗಳನ್ನು ಹಿಡಿಯುತ್ತದೆ, ಯಾವುದನ್ನು ಬಿಡುತ್ತದೆ?’ ಎಂದು ನೋಟ್‌ಪುಸ್ತಕದಲ್ಲಿ ಬರೆಸಿ, ಆಮೇಲೆ ನಡೆಸಿ ನೋಡಲು ಹೇಳಿ. ಊಹೆಗೂ ಉತ್ತರಕ್ಕೂ ಅಂತರ ಬಂದಲ್ಲಿ ಚರ್ಚೆ ತಾನಾಗಿ ಹುಟ್ಟುತ್ತದೆ. 103 ಮತ್ತು 104ರಲ್ಲಿ ಅದು ಖಂಡಿತ ಬರುತ್ತದೆ.

ಮೌಲ್ಯಮಾಪನಕ್ಕೆ ಒಂದು ಪ್ರಶ್ನೆ. 1998ರ ‘ನಂತರ’ ಕೋಷ್ಟಕದ ಜೊತೆಗೆ ‘ಇಂದು’ ಎಂಬ ಮೂರನೆಯ ಕೋಷ್ಟಕ ಮಾಡಿ, ಅದರಲ್ಲಿ ಈಗಿನ ಚಿತ್ರದುರ್ಗ ಹಾಗೂ ದಾವಣಗೆರೆ ಜಿಲ್ಲೆಗಳ ತಾಲ್ಲೂಕುಗಳನ್ನೂ ಹರಪನಹಳ್ಳಿಯನ್ನೂ ಬರೆಯಿರಿ. ಹರಪನಹಳ್ಳಿ ಇಂದು ವಿಜಯನಗರ ಜಿಲ್ಲೆಯಲ್ಲಿದೆ. ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿ ದಾವಣಗೆರೆ ಜಿಲ್ಲೆಯ ಹೊಸ ತಾಲ್ಲೂಕು. ಎರಡು ದಿಕ್ಕಿನ ಎಕ್ಸೆಪ್ಟ್ ಎಷ್ಟೆಷ್ಟು ಸಾಲು ಕೊಡುತ್ತದೆ? ತಾಲ್ಲೂಕಿನ ಹೆಸರನ್ನು ಕೀಲಿಯಾಗಿಟ್ಟು ಜಾಯಿನ್ ಮಾಡಿದರೆ ಯಾವುದು ಸಿಗುತ್ತದೆ, ಯಾವುದು ತಪ್ಪುತ್ತದೆ?

ಉತ್ತರ: ‘ನಂತರ’ದಿಂದ ‘ಇಂದು’ ಕಳೆದರೆ 1 ಸಾಲು, ದಾವಣಗೆರೆ ಜಿಲ್ಲೆಯ ಹೆಸರಿನೊಂದಿಗೆ ಹರಪನಹಳ್ಳಿ. ತಿರುಗಿಸಿ ಕಳೆದರೆ 2 ಸಾಲು, ವಿಜಯನಗರದೊಂದಿಗೆ ಹರಪನಹಳ್ಳಿ ಮತ್ತು ದಾವಣಗೆರೆಯೊಂದಿಗೆ ನ್ಯಾಮತಿ. ಜಾಯಿನ್‌ನಲ್ಲಿ ಹರಪನಹಳ್ಳಿ ಸಿಗುತ್ತದೆ, ನ್ಯಾಮತಿ ಸಿಗುವುದಿಲ್ಲ. ನ್ಯಾಮತಿಯನ್ನು ಹಿಡಿಯಲು ‘ಇಂದು’ ಕೋಷ್ಟಕವನ್ನು ಎಡಗಡೆ ಇಟ್ಟು ಲೆಫ್ಟ್ ಜಾಯಿನ್ ಮಾಡಬೇಕು ಎಂದು ಮಗು ಕಾರಣ ಸಮೇತ ಬರೆದರೆ, ಪಾಠದ ಉದ್ದೇಶ ಈಡೇರಿದಂತೆ ಅಂಕ ಕೊಡಬಹುದು.